ಪಟಪಟಿಯ ಕೆಂಪು ಪಟ್ಟಿ

“ಟಿಂಗ್!” ಎಂದಿತು ಟ್ಯಾಬ್. ಪರದೆ ಹಸಿರಾಯಿತು. ಅದರ ಮೇಲೆ ಸ್ಕೂಲ್ ಕಾರ್ಡ್ ಇಟ್ಟ ಹುಡುಗನ ಫೋಟೋ ಬಂತು. ಅದರ ಕೆಳಗೆ ‘ಓಕೆ ಕಿಡ್’ ಎಂದು ಮೂಡಿತು.

“ಮುಂದೆ ಬಾಪ್ಪಾ,” ಎಂದು ಕ್ಯಾಂಟೀನ್ ಅಕ್ಕ ತಟ್ಟೆಗೆ ಬಡಿಸಿದರು.

ಟ್ಯಾಬ್ ಪಕ್ಕದಲ್ಲೇ ಪಟಪಟಿ ನಿಂತಿದ್ದಳು. ನಿಂತಿದ್ದಳು ಎಂದರೆ ಸುಳ್ಳಾದೀತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದಳು. ಅವಳ ನಾಲಿಗೆಯೂ ಪಟಪಟ, ಕೀಬೋರ್ಡ್ ಮೇಲೆ ಬೆರಳೂ ಪಟಪಟ. ಹಾಗಾಗಿ ಐದನೇ ಕ್ಲಾಸಿನಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಈ ಪ್ರೋಗ್ರಾಂ ಅವಳದ್ದೇ. ಕಂಪ್ಯೂಟರ್ ಕ್ಲಬ್ಬಿನಲ್ಲಿ ಮೂರು ವಾರ ಕೂತು ಬರೆದದ್ದು. ಯಾವ ಮಗುವಿಗೆ ಏನು ಬಡಿಸಬಾರದು ಎಂದು ಬರೆದ ಕಾಗದ ಇಷ್ಟು ದಿನ ಅಡುಗೆಮನೆಯ ಗೋಡೆಯ ಮೇಲಿತ್ತು. ಅದನ್ನು ಇವತ್ತು ಬೆಳಿಗ್ಗೆ ಪಟಪಟಿಯೇ ಬಿಚ್ಚಿ ಕಂಪ್ಯೂಟರ್ ಮಿಸ್ ಕೈಗೆ ಕೊಟ್ಟಿದ್ದಳು.

“ಇನ್ಮೇಲೆ ಪೇಪರ್ ಬೇಡ ಅಕ್ಕಾ, ಎಲ್ಲಾ ಕೋಡ್ ನೋಡ್ಕೊಳ್ಳುತ್ತೆ!”

ಸಾಲಿನಲ್ಲಿ ಮುಂದಿನವಳು ಮಿಣುಕಿ, ಪಟಪಟಿಯ ಪಕ್ಕದ ಸೀಟಿನ ಗೆಳತಿ. ನಕ್ಕರೆ ಅವಳ ಕಣ್ಣು ಮಿಣುಕುತ್ತದೆ ಎಂದು ಆ ಹೆಸರು ಕೊಟ್ಟವಳೂ ಪಟಪಟಿಯೇ. ಮಿಣುಕಿ ನಗುತ್ತಲೇ ಕಾರ್ಡ್ ಇಟ್ಟಳು.

“ಕೊಂಯ್!” ಪರದೆ ಕೆಂಪಾಯಿತು. ಮಿಣುಕಿಯ ಫೋಟೋ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ ‘ಪ್ರಾಬ್ಲಮ್ ಕಿಡ್’.

“ಪ್ರಾಬ್ಲಮ್ ಕಿಡ್!” ಹಿಂದಿದ್ದ ಹುಡುಗ ಗಟ್ಟಿಯಾಗಿ ಓದಿದ. ನಗು ಸಾಲಿನ ಕೊನೆಯವರೆಗೂ ಹೋಯಿತು.

ಅಕ್ಕ ಸೌಟು ಹಿಡಿದು ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು. “ಏನಮ್ಮಾ ನಿನ್ನ ಪ್ರಾಬ್ಲಮ್ಮು? ಹಾಲೋ, ಕಡಲೆಕಾಯೋ, ಗೋಧಿಯೋ? ಈ ಡಬ್ಬ ಏನೂ ಹೇಳ್ತಾನೇ ಇಲ್ವಲ್ಲ!”

“ಹಾಲು,” ಎಂದಳು ಮಿಣುಕಿ. ಹಾಲು ಕುಡಿದರೆ ಅವಳ ಹೊಟ್ಟೆ ನುಲಿಯುತ್ತದೆ. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅಕ್ಕನಿಗೆ ಕೇಳಿಸಲೇ ಇಲ್ಲ.

“ಹೀಗೆ ಒಬ್ಬೊಬ್ಬರನ್ನೇ ಕೇಳ್ತಾ ಇದ್ರೆ ಸಂಜೆಯಾಗುತ್ತೆ. ಕೆಂಪು ಬಂದವರೆಲ್ಲ ಆ ಗೋಡೆ ಹತ್ರ ನಿಂತ್ಕೊಳ್ಳಿ. ಕೊನೆಗೆ ಬಡಿಸ್ತೀನಿ.”

ಒಟ್ಟು ಏಳು ಮಕ್ಕಳು ಗೋಡೆಗೆ ಬೆನ್ನು ಹಚ್ಚಿ ನಿಂತರು. ಮಿಣುಕಿಯ ಪಕ್ಕದಲ್ಲಿ ಒಂದನೇ ಕ್ಲಾಸಿನ ಪುಟಾಣಿಯೊಬ್ಬಳು ಅಳುಮುಖ ಮಾಡಿಕೊಂಡಿದ್ದಳು. ಮಿಣುಕಿ ಬಗ್ಗಿ ಅವಳ ಹತ್ತಿರ ಏನೋ ಮಾತಾಡುತ್ತಿದ್ದಳು. ಪಟಪಟಿ ಇದ್ದ ಕಡೆಗೆ ಒಮ್ಮೆಯೂ ನೋಡಲಿಲ್ಲ.

ಊಟವಾದ ಮೇಲೆ ಕಾರಿಡಾರಿನಲ್ಲಿ ಪಟಪಟಿ ಓಡಿ ಬಂದು ಅವಳನ್ನು ಹಿಡಿದಳು.

“ಏಯ್, ಅದು ಕೋಡ್ ಒಳಗಿನ ಹೆಸರು ಕಣೇ. ಎರಡು ಲಿಸ್ಟ್ ಇದೆ, ಏನಾದ್ರೂ ಒಂದು ಹೆಸರು ಬೇಕಿತ್ತು, ಇಟ್ಟೆ. ಅದೇ ಹೆಸರು ಸ್ಕ್ರೀನ್ ಮೇಲೂ ಬರೋ ಹಾಗೆ ಮಾಡ್ದೆ, ಶಾರ್ಟ್‌ಕಟ್ಟು. ನಿನ್ನ ಅಂದಿದ್ದಲ್ಲ!”

“ಫೋಟೋ ನಂದೇ ಇತ್ತಲ್ಲ,” ಎಂದಳು ಮಿಣುಕಿ.

ಅಷ್ಟರಲ್ಲಿ ಸಾಲಿನಲ್ಲಿ ಗಟ್ಟಿಯಾಗಿ ಓದಿದ್ದ ಹುಡುಗ ಪಕ್ಕದಲ್ಲಿ ಹಾದುಹೋಗುತ್ತಾ, “ದಾರಿ ಬಿಡಿ, ಪ್ರಾಬ್ಲಮ್ ಬಂತು, ಪ್ರಾಬ್ಲಮ್!” ಎಂದ. ಮಿಣುಕಿ ಬ್ಯಾಗ್ ಎತ್ತಿಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು.

ಆ ಸಂಜೆ ಪಟಪಟಿಯ ಮೈಮೇಲೆ ಇರುವೆ ಬಿಟ್ಟ ಹಾಗಾಗಿತ್ತು. ಕೂತರೆ ಏಳುವಳು, ಎದ್ದರೆ ಕೂರುವಳು. ಹೋಂವರ್ಕ್ ಪುಸ್ತಕ ತೆರೆದು ಮುಚ್ಚಿದಳು. ಅಮ್ಮ ಟೈಲರ್. ಹೊಲಿಗೆ ಮೆಷಿನ್ ನಿಲ್ಲಿಸಿ ಮಗಳನ್ನೇ ನೋಡಿದಳು.

“ಏನೇ ಅದು ಕುಣಿತ?”

ಪಟಪಟಿ ನಡೆದದ್ದೆಲ್ಲ ಹೇಳಿದಳು. ಅಮ್ಮ ದಾರ ಕಚ್ಚಿ ತುಂಡು ಮಾಡುತ್ತಾ, “ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು,” ಎಂದಳು.

“ನಾನು ಆಡಿಲ್ಲಮ್ಮಾ, ಟೈಪ್ ಮಾಡಿದ್ದು!”

“ಹಾಗಾದ್ರೆ ಅಳಿಸಿ ತಿದ್ದು. ನನ್ನ ತಲೆ ಯಾಕೆ ತಿಂತೀಯ?”

ಹೌದಲ್ಲ! ಪಟಪಟಿಗೆ ಆಗಲೇ ಬೆಳಗಾಗಿಬಿಡಬೇಕು ಅನ್ನಿಸಿತು.

ಮರುದಿನ ಸಣ್ಣ ಬಿಡುವಿನಲ್ಲಿ ಅವಳು ಕಂಪ್ಯೂಟರ್ ಲ್ಯಾಬಿಗೆ ಓಡಿದಳು. ಮಕ್ಕಳ ಹೆಸರಿದ್ದ ಫೈಲ್ ತೆರೆದಳು. ‘ಪ್ರಾಬ್ಲಮ್ ಕಿಡ್’ ಅಳಿಸಿ ‘ಸ್ಪೆಷಲ್ ಕಿಡ್’ ಎಂದು ಹಾಕಿದಳು. ಒಂದೇ ನಿಮಿಷದ ಕೆಲಸ.

“ಟೆಸ್ಟ್ ಮಾಡಿದ್ಯಾ?” ಕಂಪ್ಯೂಟರ್ ಮಿಸ್ ನೋಟ್ಸ್ ತಿದ್ದುತ್ತಲೇ ಕೇಳಿದರು.

ಪಟಪಟಿ ತನ್ನ ಕಾರ್ಡ್ ಇಟ್ಟಳು. ಟಿಂಗ್! ಹಸಿರು.

“ಮಾಡ್ದೆ ಮಿಸ್!”

ಮಧ್ಯಾಹ್ನ ಊಟದ ಸಾಲು ಸರಸರನೆ ಸಾಗಿತು. ಟಿಂಗ್, ಟಿಂಗ್, ಟಿಂಗ್. ಪಟಪಟಿ ಮಿಣುಕಿಗಾಗಿ ಕಾಯುತ್ತಿದ್ದಳು. ‘ಸ್ಪೆಷಲ್’ ಎಂದು ಓದಿದರೆ ಅವಳು ನಕ್ಕೇ ನಗುತ್ತಾಳೆ.

ಮಿಣುಕಿ ಕಾರ್ಡ್ ಇಟ್ಟಳು. ಟಿಂಗ್! ಪರದೆ ಹಸಿರು. ‘ಓಕೆ ಕಿಡ್’.

ಹಸಿರು? ಪಟಪಟಿ ಕಣ್ಣುಜ್ಜಿಕೊಂಡಳು. ಅಕ್ಕ ಆಗಲೇ ತಟ್ಟೆಯಲ್ಲಿ ಹಾಲಿನ ಲೋಟ ಇಟ್ಟಾಗಿತ್ತು. ಮಿಣುಕಿ ಲೋಟವನ್ನು ನೋಡಿದಳು, ಪರದೆಯನ್ನು ನೋಡಿದಳು. ಆಮೇಲೆ ಸಟ್ಟನೆ ಮುಂದಕ್ಕೆ ನೋಡಿದಳು. ಅವಳಿಗಿಂತ ಮುಂಚೆ ಊಟ ತೆಗೆದುಕೊಂಡಿದ್ದ ಪುಟಾಣಿ ಮೇಜಿನ ಹತ್ತಿರ ನಿಂತೇ ಬಿಸ್ಕತ್ತನ್ನು ಬಾಯಿಗೆ ಇಡುವುದರಲ್ಲಿದ್ದಳು. ಇವತ್ತು ಕೊಟ್ಟದ್ದು ಕಡಲೆಕಾಯಿ ಬಿಸ್ಕತ್ತು.

“ತಿನ್ಬೇಡ!”

ಮಿಣುಕಿಯ ತಟ್ಟೆ ನೆಲಕ್ಕೆ ಬಿತ್ತು, ಹಾಲು ಚೆಲ್ಲಿತು. ಅವಳು ನಾಲ್ಕೇ ಹೆಜ್ಜೆಗೆ ಹೋಗಿ ಪುಟಾಣಿಯ ಕೈಯಿಂದ ಬಿಸ್ಕತ್ತು ಕಿತ್ತುಕೊಂಡಳು. ಪುಟಾಣಿ ಜೋರಾಗಿ ಅತ್ತಳು.

“ಅಕ್ಕಾ, ಇವಳಿಗೆ ಕಡಲೆಕಾಯಿ ಆಗಲ್ಲ. ತಿಂದ್ರೆ ಉಸಿರು ಕಟ್ಟುತ್ತಂತೆ. ನಿನ್ನೆ ಗೋಡೆ ಹತ್ರ ನನಗೆ ಹೇಳಿದ್ಲು.”

ಅಕ್ಕನ ಕೈಯಿಂದ ಸೌಟು ಜಾರಿ ಪಾತ್ರೆಯೊಳಗೆ ಬಿತ್ತು. ಮಿಸ್ ಓಡಿ ಬಂದು ಪುಟಾಣಿಯ ಬಾಯಿ ತೆರೆಸಿ ನೋಡಿದರು. ಒಂದು ಚೂರೂ ಒಳಗೆ ಹೋಗಿರಲಿಲ್ಲ. ಹತ್ತು ನಿಮಿಷದಲ್ಲಿ ಹಳೆಯ ಕಾಗದ ಮತ್ತೆ ಗೋಡೆ ಏರಿತು, ಟ್ಯಾಬ್ ಮಿಸ್ ಬ್ಯಾಗಿಗೆ ಸೇರಿತು. ಪಟಪಟಿ ಮಾತ್ರ ಚೆಲ್ಲಿದ ಹಾಲಿನ ಪಕ್ಕದಲ್ಲೇ ನಿಂತಿದ್ದಳು.

ಲ್ಯಾಬಿನಲ್ಲಿ ಮಿಸ್ ಕೋಡ್ ತೆರೆದು ಬೆರಳಿಟ್ಟು ತೋರಿಸಿದರು. ಪಟ್ಟಿಯ ಹೆಸರು ಹೊಸದಾಗಿತ್ತು, ಆದರೆ ಪಟ್ಟಿಯನ್ನು ಹುಡುಕುವ ಫೈಲಿನಲ್ಲಿ ಹಳೆಯ ಹೆಸರೇ ಉಳಿದಿತ್ತು. ಮನೆ ಬದಲಾಯಿಸಿ ಅಂಚೆಯವರಿಗೆ ಹೇಳದೇ ಇದ್ದ ಹಾಗೆ. ಪಟ್ಟಿ ಸಿಗದಿದ್ದಾಗ ಪ್ರೋಗ್ರಾಂ ಎಲ್ಲರನ್ನೂ ‘ಓಕೆ’ ಎಂದುಬಿಟ್ಟಿತ್ತು.

“ಯಾರ ಕಾರ್ಡಿಂದ ಟೆಸ್ಟ್ ಮಾಡಿದೆ?”

“ನಂದೇ ಮಿಸ್,” ಎಂದಳು ಪಟಪಟಿ. ತನ್ನ ಕಾರ್ಡ್ ಯಾವತ್ತೂ ಹಸಿರೇ ತಾನೆ. ಅವಳಿಗೆ ಅಳು ಬಂತು.

ಮಿಸ್ ಕುರ್ಚಿ ಎಳೆದು ಅವಳ ಪಕ್ಕ ಕೂತರು. “ಅವಸರ ಮಾಡಿದ್ದು ನೀನು. ಓದಿ ನೋಡದೆ ಬಿಟ್ಟಿದ್ದು ನಾನು. ನಾಳೆ ಬೆಳಿಗ್ಗೆ ಇಬ್ಬರೂ ಕೂತು ಸರಿ ಮಾಡೋಣ. ಎಲ್ಲಾ ಸರಿ ಇದೆ ಅಂತ ನೋಡೋವರೆಗೂ ಕಾಗದ ಗೋಡೆ ಮೇಲೇ ಇರ್ಲಿ.”

ಸ್ಕೂಲ್ ಬಿಟ್ಟಾಗ ಮಿಣುಕಿ ಗೇಟಿನ ಹತ್ತಿರ ಶೂ ದಾರ ಕಟ್ಟುತ್ತಿದ್ದಳು. ಪಟಪಟಿ ಅವಳ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು.

“ತಪ್ಪಾಯ್ತು ಕಣೇ. ನಿನ್ನೇದೂ, ಇವತ್ತಿಂದೂ.”

ಮಿಣುಕಿ ದಾರ ಬಿಗಿದಳು.

“ಸ್ಪೆಷಲ್ ಅಂತ ಬದಲಾಯಿಸಿದ್ದೆ. ಕೆಲ್ಸ ಮಾಡ್ಲಿಲ್ಲ.”

“ಮಾಡಿದ್ರೂ ಏನು? ಸ್ಪೆಷಲ್‌ಗಳೆಲ್ಲ ಗೋಡೆ ಹತ್ರ ನಿಂತ್ಕೊಳ್ಳಿ ಅಂತಿದ್ರು ಅಷ್ಟೇ.”

“ಮತ್ತೆ ನಿಂಗೆ ಏನಂತ ಹೆಸರಿಡ್ಲಿ?”

“ನಂಗ್ಯಾಕೆ ಇಡ್ತೀಯ?” ಮಿಣುಕಿಗೆ ಈಗ ನಿಜಕ್ಕೂ ಸಿಟ್ಟು ಬಂತು. “ನಂಗೆ ಹೆಸರಿಲ್ವಾ? ಅಕ್ಕನಿಗೆ ಬೇಕಾಗಿರೋದು ಹಾಲು ಕೊಡ್ಬೇಕೋ ಬೇಡ್ವೋ ಅನ್ನೋದು. ಅದನ್ನ ಬರಿ.”

ಪಟಪಟಿ ಎದ್ದು ನಿಂತಳು. ಆಮೇಲೆ, “ನಾಳೆ ಬೇಗ ಬರ್ತೀಯಾ? ನಿನ್ನ ಕಾರ್ಡ್ ಬೇಕು,” ಎಂದಳು. ಮಿಣುಕಿ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟಳು.

ಬೆಳಿಗ್ಗೆ ಅವಳು ಬಂದಳು. ಪುಟಾಣಿಯನ್ನೂ ಕೈಹಿಡಿದು ಕರೆತಂದಿದ್ದಳು. ಪಟಪಟಿ ಈ ಸಲ ನಿಧಾನವಾಗಿ ಟೈಪ್ ಮಾಡಿದಳು, ಬೆರಳು ಓಡಿದರೆ ಎಳೆದು ನಿಲ್ಲಿಸಿದಳು. ‘ಹಾಲು ಬೇಡ’ ಎಂಬ ಪಟ್ಟಿಯಲ್ಲಿ ಮೂವರು, ‘ಕಡಲೆಕಾಯಿ ಬೇಡ’ ಪಟ್ಟಿಯಲ್ಲಿ ಇಬ್ಬರು, ‘ಗೋಧಿ ಬೇಡ’ ಪಟ್ಟಿಯಲ್ಲಿ ಇಬ್ಬರು. ಹಳೆಯ ಹೆಸರು ಎಲ್ಲೆಲ್ಲಿದೆ ಎಂದು ಮಿಸ್ ಜೊತೆ ಒಂದೊಂದೇ ಫೈಲ್ ಹುಡುಕಿದಳು. ಪಟ್ಟಿ ಸಿಗದಿದ್ದರೆ ‘ಓಕೆ’ ಎನ್ನದೆ, ‘ಅಕ್ಕಾ, ಕಾಗದ ನೋಡಿ’ ಎಂದು ಬರುವಂತೆ ಮಾಡಿದಳು. ಆಮೇಲೆ ಏಳು ಜನರ ಕಾರ್ಡನ್ನೂ ತರಿಸಿ, ಒಂದೊಂದಾಗಿ ಇಟ್ಟು ನೋಡಿದಳು.

ಮಧ್ಯಾಹ್ನ ಮಿಣುಕಿಯ ಸರದಿ ಬಂದಾಗ ಪಟಪಟಿ ಇಣುಕಿ ನೋಡಿದಳು. ಪರದೆಯ ಮೇಲೆ ಮಿಣುಕಿಯ ಹೆಸರು, ಕೆಳಗೆ ‘ಹಾಲು ಬೇಡ’. ಅಕ್ಕ ಒಮ್ಮೆ ನೋಡಿ, ಲೋಟದ ಬದಲು ಬಾಳೆಹಣ್ಣು ಇಟ್ಟರು. ಹಿಂದಿದ್ದವರು ಪರದೆಯನ್ನು ನೋಡಲೂ ಇಲ್ಲ. ಸಾಲು ಮುಂದೆ ಹೋಯಿತು. ಗೋಡೆಯ ಹತ್ತಿರ ಯಾರೂ ನಿಲ್ಲಲಿಲ್ಲ.

ಸಂಜೆ ಕಂಪ್ಯೂಟರ್ ಮುಚ್ಚುವ ಮುನ್ನ ಪಟಪಟಿಯ ಕಣ್ಣು ಇನ್ನೊಂದು ಪಟ್ಟಿಯ ಮೇಲೆ ಬಿತ್ತು. ‘ಓಕೆ ಕಿಡ್’. ಇನ್ನೂರಕ್ಕೂ ಹೆಚ್ಚು ಹೆಸರು, ಅವುಗಳಲ್ಲಿ ತನ್ನದೂ ಒಂದು. ಅವಳು ಅದನ್ನೇ ನೋಡುತ್ತಾ ಕೂತಳು.

“ಅದು ಸರಿಯಾಗೇ ಇದೆಯಲ್ಲ, ಇನ್ನೇನು?” ಎಂದರು ಮಿಸ್.

“ಇಲ್ಲ ಮಿಸ್. ಇನ್ನೊಂದು ಐದು ನಿಮಿಷ ಕೊಡಿ.”

ಅವಳು ‘ಬೇಡ’ ಪಟ್ಟಿಗಳನ್ನು ಹಾಗೇ ಬಿಟ್ಟು, ಆ ಏಳು ಹೆಸರುಗಳನ್ನು ಈ ಪಟ್ಟಿಯೊಳಗೂ ಸೇರಿಸಿದಳು. ಮೇಲಿದ್ದ ‘ಓಕೆ ಕಿಡ್’ ಅಳಿಸಿ, ಬರೀ ‘ಮಕ್ಕಳು’ ಎಂದು ಬರೆದಳು. ಆ ಹೆಸರು ಇದ್ದ ಫೈಲುಗಳನ್ನೆಲ್ಲ ತೆರೆದು ತಿದ್ದಿದಳು. ಕೊನೆಗೆ ಕ್ಲಾಸು, ರೋಲ್ ನಂಬರಿನ ಪ್ರಕಾರ ಜೋಡಿಸುವ ಬಟನ್ ಒತ್ತಿದಳು. ಪಟ್ಟಿ ಒಮ್ಮೆ ಅಲುಗಾಡಿ ನಿಂತಿತು. ಐದನೇ ಕ್ಲಾಸಿನಲ್ಲಿ ಹದಿನಾಲ್ಕನೆಯದು ಅವಳ ಹೆಸರು, ಅದರ ಕೆಳಗೇ ಹದಿನೈದನೆಯದು ಮಿಣುಕಿಯದು.