ಚುಚ್ಚದೆ ಹಾಕಿದ ಸಹಿ

ಮಗಳ ಕೆಮ್ಮಿಗೆ ಔಷಧಿ ಕೇಳಲು ಬಂದ ಟೈಲರ್ ನಕ್ಕು ಹೇಳಿದ, “ನಾವಿಬ್ರೂ ಸೂಜಿಯಿಂದಲೇ ಹೊಟ್ಟೆ ಹೊರ್ಕೊಳ್ಳೋರು ಸಿಸ್ಟರ್. ಆದ್ರೆ ನನ್ನ ಸೂಜಿಗೆ ಯಾರೂ ಅಳಲ್ಲ.”

ಹೆಂಡತಿ ಸತ್ತ ಗಂಡಸು ಅಷ್ಟು ಚೆಂದ ನಗಬಾರದು. ಬೀದಿಯ ಮಕ್ಕಳಿಗೆಲ್ಲ ಗುಮ್ಮನಾಗಿದ್ದ ಲಸಿಕೆ ನರ್ಸ್ ನಾನು, ಮೂವತ್ತನಾಲ್ಕರಲ್ಲಿ ಕರಗಿ ನೀರಾದೆ.

ಒಂದು ದಿನ ನನಗೊಂದು ಬಿಳಿ ಕೋಟು ಹೊಲಿದು ತಂದ. ಮೈಗೆ ಸರಿಯಾಗಿ ಕೂತಿತು.

“ಅಳತೆ ಯಾವಾಗ ತಗೊಂಡ್ರಿ?”

“ದಿನಾ ಕ್ಯೂನಲ್ಲಿ ನಿಂತು ಮತ್ತೇನು ಮಾಡ್ತಿದ್ದೆ ಅಂದ್ಕೊಂಡ್ರಿ?”

ನನ್ನ ಕೆನ್ನೆ ಬಿಸಿಯಾಯಿತು.

ಮದುವೆ ಮಾತಾಯಿತು. ಅಷ್ಟರಲ್ಲಿ ಮಗಳನ್ನು ಶಾಲೆಗೆ ಸೇರಿಸಲು ಲಸಿಕೆ ಕಾರ್ಡ್ ಬೇಕಾಯಿತು. ದಡಾರದ ಚುಚ್ಚುಮದ್ದು ಒಂದೂ ಆಗಿರಲಿಲ್ಲ. ಸೂಜಿ ಕಂಡೊಡನೆ ಮಗು ಕಿರುಚಿಕೊಂಡಿತು.

ಅವನು ನನ್ನ ಕೈ ತಡೆದ, “ಈಗಿಂದಲೇ ನಿನ್ನ ಕಂಡ್ರೆ ಹೆದರೋ ಹಾಗೆ ಮಾಡ್ಬೇಡ ಕಣೇ. ಸಹಿ ಹಾಕು, ಚುಚ್ಚೋದು ಆಮೇಲೆ ನೋಡೋಣ.”

ಹಾಕಿಬಿಟ್ಟೆ. ಆಮೇಲೆ ಎಂಬುದು ಬರಲೇ ಇಲ್ಲ.

ದಡಾರ ಬಂತು. ಜ್ವರ ಮಿದುಳಿಗೇರಿ ಇಳಿಯುವಷ್ಟರಲ್ಲಿ ಮಗುವಿನ ಎರಡೂ ಕಿವಿ ಹೋಗಿದ್ದವು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ. ಮಾಡಿದವಳು ನಾನು, ಉಂಡದ್ದು ಮಗು.

ಬೀದಿಯಲ್ಲಿ ಇನ್ನೂ ಆರು ಮಕ್ಕಳು ದಡಾರದಿಂದ ಹಾಸಿಗೆ ಹಿಡಿದ ಮೇಲೆ ಲಸಿಕೆ ಶಿಬಿರ ಇಟ್ಟೆವು. ತಾಯಂದಿರು ಬಂದರು, ಮಕ್ಕಳನ್ನು ಮುಂದೆ ಬಿಡಲಿಲ್ಲ.

“ಟೈಲರ್ ಮಗಳಿಗೆ ಹಾಕಿಸಿದ್ರೂ ಹಿಂಗಾಯ್ತಲ್ಲ? ನಿಮ್ಮ ಔಷಧೀನೇ ಸರಿಯಿಲ್ಲ.”

ಮಗಳ ಜೊತೆ ಬಾಗಿಲಲ್ಲಿದ್ದ ಅವನು ನನ್ನನ್ನೇ ನೋಡುತ್ತಾ ಹೇಳಿದ, “ಹೌದು, ಸಿಸ್ಟರ್ ಚುಚ್ಚಿದ್ದನ್ನ ನಾನೇ ನೋಡಿದ್ದೀನಿ.”

ನನ್ನ ಕೆಲಸ ಉಳಿಸಲು ಹೇಳಿದ ಸುಳ್ಳು. ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ಪ್ರೀತಿಸಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ತಿಂಗಳು ಮದುವೆ. ಇಬ್ಬರು ತಾಯಂದಿರು ಆಗಲೇ ಮಕ್ಕಳನ್ನೆತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

“ನಿಲ್ಲಿ! ಅವಳಿಗೆ ನಾನು ಚುಚ್ಚಿರಲಿಲ್ಲ. ಬರೀ ಸಹಿ ಹಾಕಿದ್ದೆ. ಔಷಧೀದು ತಪ್ಪಿಲ್ಲ.”

ಸಹಿ ಕೇಳಿದ್ದು ತಾನೆಂದು ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಶಿಬಿರಕ್ಕೆ ಬಂದಿದ್ದ ಡಾಕ್ಟರಮ್ಮ ನನ್ನ ಕೈಯಿಂದ ಸಿರಿಂಜ್ ತೆಗೆದುಕೊಂಡರು. ಮೆಟ್ಟಿಲಿಳಿದವರು ವಾಪಸ್ ಬಂದು ಅವರ ಮುಂದೆ ಸಾಲು ನಿಂತರು. ಹೋಗುತ್ತಾ ಒಬ್ಬಳು ನನ್ನ ಕಾಲ ಬಳಿ ಉಗಿದಳು.

ಅವನು ಹತ್ತಿರ ಬಂದು ಮೆಲ್ಲಗೆ ಅಂದ, “ನಮ್ಮಿಬ್ಬರಲ್ಲೇ ಇದ್ದಿದ್ರೆ ಹೇಗೋ ಬಾಳ್ತಿದ್ದೆ. ಎಲ್ಲರಿಗೂ ಗೊತ್ತಾದ ಮೇಲೆ ನಿನ್ನನ್ನ ಮನೆಗೆ ಹೇಗೆ ಕರ್ಕೊಂಡು ಹೋಗಲಿ?”

ನಾನಿನ್ನೂ ಅವನನ್ನು ಪ್ರೀತಿಸುತ್ತಿದ್ದೆ. ಅದನ್ನೂ ಹೇಳಿದೆ. ಗೊತ್ತು ಎಂಬಂತೆ ಅವನು ತಲೆಯಾಡಿಸಿದ.

ಒಂದೂ ಕೇಳಿಸದ ಮಗು ನಗುತ್ತಾ ಬಂದು ನನ್ನ ಬೆರಳು ಹಿಡಿದುಕೊಂಡಿತು. ಅವನು ಬಿಡಿಸಿ, ಎತ್ತಿಕೊಂಡು ಹೋದ.