ಮನೋವೈದ್ಯ ವಿಭಾಗದ ಸುಳ್ಳು ಪೇಷೆಂಟ್

"ಬೆಳಿಗ್ಗೆ ಎದ್ದ ತಕ್ಷಣ ಏನನ್ಸುತ್ತೆ ಅಂತ ಕೇಳಿದ್ರಲ್ಲ? ಯಾಕಾದ್ರೂ ಎಚ್ಚರ ಆಯ್ತೋ ಅನ್ಸುತ್ತೆ."

ಎದುರಿಗೆ ಕುಳಿತಿದ್ದ ಯುವಕ ಇಷ್ಟು ಹೇಳಿ ಮತ್ತೆ ತಲೆ ತಗ್ಗಿಸಿದ.

ಗುಬ್ಬಿ ಕುರ್ಚಿಯ ತುದಿಗೆ ಸರಿದಳು.

ಮನೆಯಲ್ಲೂ ಮೆಡಿಕಲ್ ಕಾಲೇಜಿನಲ್ಲೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಗಾತ್ರವೂ ಅಷ್ಟೇ, ಗಾಬರಿಯೂ ಅಷ್ಟೇ. ಮನೋವೈದ್ಯ ವಿಭಾಗದಲ್ಲಿ ಅವಳಿಗೆ ಇದು ಮೊದಲ ದಿನ. ಬಸ್ಸು ಕೈಕೊಟ್ಟು ತಡವಾಗಿ ಓಡಿಬಂದವಳನ್ನು, ಉಸಿರು ತಿರುಗಿಸಿಕೊಳ್ಳಲೂ ಬಿಡದೆ ಪ್ರೊಫೆಸರ್ ಮೇಡಂ ಈ ಕುರ್ಚಿಯಲ್ಲಿ ಕೂರಿಸಿ, ಇವರನ್ನು ಮಾತಾಡಿಸು ಎಂದಿದ್ದರು. ಬ್ಯಾಚಿನವರೆಲ್ಲ ಗೋಡೆಗೆ ಒರಗಿ ನಿಂತಿದ್ದರು.

ಎಲ್ಲ ಸರಿಹೋಗುತ್ತದೆ, ಧೈರ್ಯವಾಗಿರಿ ಎಂದು ಅವಳು ತಡವರಿಸಿದಳು.

"ಯಾರಿಗೆ ಸರಿಹೋಗುತ್ತೆ?" ಅವನು ಮೆಲ್ಲಗೆ ಕೇಳಿದ. "ನಂಗಾ, ನಿಮಗಾ?"

ಆ ಕಣ್ಣುಗಳು... ನೀರು ಬತ್ತಿದ ಬಾವಿಯ ಹಾಗಿದ್ದವು. ಗುಬ್ಬಿಗೆ ಕಲಿತದ್ದೆಲ್ಲ ಮರೆತುಹೋಯಿತು. ಅವನ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತೇಬಿಟ್ಟಳು.

"ಸಾಕು" ಎಂದರು ಮೇಡಂ.

ತಕ್ಷಣ ಅವನ ಬೆನ್ನು ನೆಟ್ಟಗಾಯಿತು. ಮುಖದಿಂದ ಯಾರೋ ಪರದೆ ಎಳೆದ ಹಾಗೆ ಕಣ್ಣಿಗೆ ಬೆಳಕು ಬಂತು. "ಡಾಕ್ಟ್ರೇ, ಕೈ ಬಿಡ್ತೀರಾ? ಮುಂದಿನ ಬ್ಯಾಚ್ ಕಾಯ್ತಾ ಇದೆ" ಎಂದ.

ಗುಬ್ಬಿ ಬಿಟ್ಟ ಬಾಯಿ ಬಿಟ್ಟಂತೆಯೇ ಕುಳಿತಳು.

ಅವನು ಪೇಷೆಂಟೇ ಅಲ್ಲ! ನಾಟಕದವನು. ವಿದ್ಯಾರ್ಥಿಗಳು ನಿಜವಾದ ರೋಗಿಗಳ ಮುಂದೆ ಎಡವದಿರಲಿ ಎಂದು, ರೋಗಿಯ ಪಾತ್ರ ಮಾಡಲು ವಿಭಾಗದವರೇ ಕರೆಸಿಕೊಂಡವನು. ಮೇಡಂ ಅದನ್ನು ಮೊದಲೇ ಎಲ್ಲರಿಗೂ ಹೇಳಿದ್ದರಂತೆ. ಗೊತ್ತಿಲ್ಲದೆ ಉಳಿದವಳು ತಡವಾಗಿ ಬಂದ ಇವಳೊಬ್ಬಳೇ.

ಹಿಂದೆ ನಿಂತವರ ನಗು ಕಾರಿಡಾರಿನವರೆಗೂ ಕೇಳಿಸಿತು. ಅವಳ ಉದ್ದನೆಯ ಗೆಳತಿ, ಎಲ್ಲರ ಬಾಯಲ್ಲಿ 'ಒಂಟೆ', ನಕ್ಕೂ ನಕ್ಕೂ ಗೋಡೆ ಹಿಡಿದು ಕುಸಿದಿದ್ದಳು.

ನೆಲ ಬಾಯಿಬಿಡಬಾರದೇ ಎಂದುಕೊಂಡಳು ಗುಬ್ಬಿ.

ನಗದೇ ಇದ್ದವನು ಅವನೊಬ್ಬನೇ. ಪಾತ್ರ ಮುಗಿದ ಮೇಲೆ ರೋಗಿಯ ಕುರ್ಚಿಯಿಂದ ತನಗೆ ಏನನ್ನಿಸಿತು ಎಂದು ವಿದ್ಯಾರ್ಥಿಗಳಿಗೆ ಹೇಳುವುದೂ ಅವನ ಕೆಲಸ. ಇವರ ಸಮಾಧಾನದ ಮಾತು ನನಗೆ ತಲುಪಲಿಲ್ಲ, ಆದರೆ ಅಳು ಬಂದಾಗ ನನ್ನನ್ನು ಕಂಡಿದ್ದಾರೆ ಅನ್ನಿಸಿತು ಎಂದ. ಸ್ವಲ್ಪ ಕಡಿಮೆ ಅತ್ತಿದ್ದರೆ ಸಾಕಿತ್ತು ಎಂದೂ ಸೇರಿಸಿದ.

ಕೊಬ್ಬು ನೋಡು ಇವನಿಗೆ ಎಂದುಕೊಂಡಳು. ಆದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಉದ್ದಕ್ಕೂ ನೆನಪಾದದ್ದು ಅದೇ ಮಾತು... ಕಂಡಿದ್ದಾರೆ ಅನ್ನಿಸಿತು.

*

ಆಮೇಲಿನ ಅಭ್ಯಾಸದ ತರಗತಿಗಳಲ್ಲಿ ಅವನು ಒಮ್ಮೆ ಕುಡುಕ, ಒಮ್ಮೆ ಗೋಡೆಯೊಳಗೆ ಧ್ವನಿ ಕೇಳುವವನು, ಒಮ್ಮೆ ಕೈ ತೊಳೆದೂ ತೊಳೆದೂ ಚರ್ಮ ಸುಲಿದುಕೊಂಡ ಗುಮಾಸ್ತ. ಗುಬ್ಬಿ ಕ್ಯಾಂಟೀನಿನಲ್ಲಿ ಟೀ ತಂದಿಟ್ಟು, ಇವತ್ತು ಯಾರ ಜೊತೆ ಮಾತಾಡುತ್ತಿದ್ದೇನೆ ಎಂದು ಮೊದಲು ಕೇಳುತ್ತಿದ್ದಳು. ಅವನು ನಗುತ್ತಿದ್ದ. ಆ ನಗು ಯಾವ ಪಾತ್ರದ್ದೂ ಅಲ್ಲ ಎಂದು ಅವಳಿಗೆ ಗೊತ್ತಾಗತೊಡಗಿತ್ತು.

ಕಲಿಸಿದ್ದೂ ಅವನೇ. ರೋಗಿ ಮಾತು ತಪ್ಪಿಸಿದರೆ ಬಿಟ್ಟುಬಿಡಬೇಡಿ, ಅಲ್ಲೇ ಕಾದು ಕುಳಿತುಕೊಳ್ಳಿ, ಮೆಲ್ಲಗೆ ಇನ್ನೊಮ್ಮೆ ಕೇಳಿ ಎನ್ನುತ್ತಿದ್ದ. ರೋಗಿಯ ಪಾತ್ರ ಮಾಡುವವರ ಕೆಲಸದಲ್ಲಿ ಒಂದು ನಿಯಮವಿತ್ತಂತೆ: ವಿದ್ಯಾರ್ಥಿ ಸರಿಯಾದ ಪ್ರಶ್ನೆ ಕೇಳಿದರೆ ಪಾತ್ರದ ನಿಜವಾದ ಉತ್ತರವನ್ನು ಕೊಡಲೇಬೇಕು. ಇನ್ನೊಂದು ನಿಯಮವೂ ಇತ್ತು. ಒಂದೊಂದು ಪಾತ್ರವನ್ನೂ ಅವನಿಗೆ ಕಲಿಸುವುದು ಆ ಕಾಯಿಲೆ ದಾಟಿ ಬಂದವರೇ. ಅವರು ಯಾರೆಂದು ಮಾತ್ರ ಯಾರಿಗೂ ಹೇಳುವ ಹಾಗಿಲ್ಲ.

ಒಂದು ಸಂಜೆ ಬಸ್‌ಸ್ಟಾಪಿನಲ್ಲಿ ಗುಬ್ಬಿ, ಯಾರಿಗೂ ಹೇಳದ ಮಾತನ್ನು ಅವನಿಗೆ ಹೇಳಿದಳು.

ಅವಳು ಶಾಲೆಯಲ್ಲಿದ್ದಾಗ ಅಮ್ಮ ಖಿನ್ನತೆಗೆ ಬಿದ್ದಿದ್ದರು. ನೆಂಟರಿಷ್ಟರಿಗೆಲ್ಲ ಅಪ್ಪ ಥೈರಾಯ್ಡ್ ಎಂದಿದ್ದರು. ನಿಜ ಗೊತ್ತಾದರೆ ನಾಳೆ ನಿನ್ನನ್ನು ಯಾರೂ ಮದುವೆಯಾಗುವುದಿಲ್ಲ ಎಂದು ಹೆದರಿಸಿ ಮಗಳಿಂದಲೂ ಆಣೆ ಹಾಕಿಸಿದ್ದರು. ಅಮ್ಮ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಸ್ನಾನ ಮಾಡುತ್ತಿರುವ ಹಾಗೆ ಮನೆಯವರನ್ನು ನಂಬಿಸಿ, ಸುಮ್ಮನೆ ನೆಲದ ಮೇಲೆ ಕೂತಿರುತ್ತಿದ್ದರು. ಬಕೆಟ್ ತುಂಬಿ ಹರಿಯುವ ಸದ್ದು ಮಾತ್ರ. ಹೊರಗೆ ಪುಟ್ಟ ಗುಬ್ಬಿ ಬಾಗಿಲಿಗೆ ಬೆನ್ನು ಕೊಟ್ಟು ಕಾಯುತ್ತಿದ್ದಳು.

"ಇವತ್ತಿಗೂ ನಲ್ಲಿ ಸದ್ದು ಕೇಳಿದ್ರೆ ಎದೆ ಹೊಡ್ಕೊಳ್ಳುತ್ತೆ. ಅಮ್ಮ ಈಗ ಚೆನ್ನಾಗಿದ್ದಾರೆ. ಆದ್ರೆ ಯಾರಿಗೂ ಗೊತ್ತಾಗಬಾರದು. ಪ್ಲೀಸ್."

ಅವನ ಮುಖ ಬಿಳಚಿಕೊಂಡಿತು. ಆಮೇಲೆ, ಕೆಲಸವಿದೆ ಎಂದು ಎದ್ದು ಹೊರಟೇಹೋದ.

ನನ್ನ ನೋವು ಇವನಿಗೆ ಇಷ್ಟು ತಟ್ಟಿತೇ ಎಂದು ಗುಬ್ಬಿಗೆ ಒಳಗೊಳಗೇ ಹಿತವಾಯಿತು. ಪಾಪ, ಅವಳಿಗೇನು ಗೊತ್ತು!

*

ಆ ವಾರ ದೊಡ್ಡ ಸಭಾಂಗಣದಲ್ಲಿ ಇಡೀ ತರಗತಿಗೆ ಖಿನ್ನತೆಯ ಪಾಠ. ವೇದಿಕೆಯ ಮೇಲೆ ಎರಡು ಕುರ್ಚಿ. ಅವನು ಬಂದು ಒಂದರಲ್ಲಿ ಕುಳಿತ. ಇನ್ನೊಂದಕ್ಕೆ ಮೇಡಂ ಗುಬ್ಬಿಯನ್ನು ಕರೆದರು.

ಅವಳನ್ನು ಕಂಡದ್ದೇ ಅವನು ಮೇಡಂ ಕಡೆ ತಿರುಗಿದ. ಬೇರೆ ಯಾರನ್ನಾದರೂ ಕರೆಯಬಹುದೇ ಎಂದು ಕೇಳಿದ. ಕಾರಣ ಕೇಳಿದರೆ, ಏನಿಲ್ಲ ಬಿಡಿ ಎಂದು ಕುರ್ಚಿಗೆ ಒರಗಿದ. ಒಂಟೆ ಹಿಂದಿನಿಂದ, ಈ ಸಲ ಟವೆಲ್ ತಂದಿದ್ದೀಯೇನೇ ಎಂದಳು. ಎಲ್ಲರೂ ನಕ್ಕರು.

ಗುಬ್ಬಿ ಅಳಲಿಲ್ಲ. ನಿದ್ದೆ ಕೇಳಿದಳು, ಊಟ ಕೇಳಿದಳು, ಮೌನ ಬಂದಾಗ ಕಾದಳು. ಇವತ್ತಿನ ಪಾತ್ರ ತಂಗಿಯ ಜೊತೆ ಇರುವ ಒಬ್ಬ ಅಣ್ಣ. ಮೇಡಂ ತಲೆಯಾಡಿಸುತ್ತಿದ್ದುದು ಕಂಡು ಅವಳಿಗೆ ಹುರುಪು ಬಂತು.

"ಸ್ನಾನ ಗೀನ ದಿನಾ ಆಗ್ತಿದ್ಯಾ?"

ಅವನ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು. "ಬೇರೆ ಏನಾದ್ರೂ ಕೇಳಿ."

ಮಾತು ತಪ್ಪಿಸುತ್ತಿದ್ದಾನೆ... ಬಿಡಬಾರದು. ಅವನೇ ಹೇಳಿಕೊಟ್ಟಿದ್ದನಲ್ಲ. ಗುಬ್ಬಿ ಕಾದಳು. ಸ್ವಲ್ಪ ಮುಂದಕ್ಕೆ ಬಾಗಿದಳು.

"ಹೇಳೋಕೆ ಕಷ್ಟ ಆಗ್ತಿದೆ ಅಲ್ವಾ? ಆತುರ ಇಲ್ಲ. ಬಚ್ಚಲಿಗೆ ಹೋದಾಗ ಏನಾಗುತ್ತೆ?"

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಕ್ಷಮೆ ಕೇಳುವಂಥದ್ದೇನೋ ಇತ್ತು.

"ನಲ್ಲಿ ಬಿಟ್ಟು ನೆಲದ ಮೇಲೆ ಕೂತಿರ್ತೀನಿ. ಮನೆಯವ್ರಿಗೆ ಸ್ನಾನ ಮಾಡ್ತಿದ್ದೀನಿ ಅನ್ನಿಸ್ಲಿ ಅಂತ. ಹೊರಗೆ ತಂಗಿ ಬಾಗಿಲಿಗೆ ಒರಗಿ ಹದಿಮೂರರ ಮಗ್ಗಿ ಹೇಳ್ತಿರ್ತಾಳೆ. ಒಂದು ಕಡೆ ದಿನಾ ತಪ್ಪು ಹೇಳ್ತಾಳೆ. ಅಯ್ಯೋ, ತಿದ್ದಬೇಕಲ್ಲ ಅಂತ... ಅದಕ್ಕೋಸ್ಕರ ಎದ್ದು ಹೊರಗೆ ಬರ್ತೀನಿ."



ಗುಬ್ಬಿಯ ಕಿವಿಯಲ್ಲಿ ಗುಂಯ್ ಎಂದಿತು. ನನ್ನ ಮನೆಯ ಬಚ್ಚಲು... ನನ್ನ ಅಮ್ಮ... ಇಷ್ಟು ಜನರ ಮುಂದೆ!

ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಮೆಟ್ಟಿಲು ಇಳಿದು, ಬಾಗಿಲು ದೂಡಿ, ಕಾರಿಡಾರಿನ ತುದಿಯವರೆಗೂ ಓಡಿದಳು. ಅವನು ಹಿಂದೆಯೇ ಬಂದ.

"ನಂಬಿ ಹೇಳಿದ್ದೆ. ನಮ್ಮಮ್ಮನ್ನ ವೇದಿಕೆ ಮೇಲೆ ತಂದು ನಿಲ್ಲಿಸಿದ್ರಲ್ಲ."

"ಅದು ನಿಮ್ಮಿಂದ ತಗೊಂಡಿದ್ದಲ್ಲ."

"ಮತ್ತೆ ಯಾರಿಂದ?"

ಅವನು ಕಣ್ಣು ಮುಚ್ಚಿಕೊಂಡ. "ಹೇಳೋ ಹಾಗಿಲ್ಲ."

"ನಟನೆ ಚೆನ್ನಾಗಿ ಬರುತ್ತೆ ನಿಮಗೆ" ಎಂದಳು ಗುಬ್ಬಿ.

ಅವನು ಹೊಡೆತ ತಿಂದವನಂತೆ ನಿಂತ. ಅವಳು ಅಲ್ಲೇ, ಅವನ ಕಣ್ಣೆದುರೇ, ಫೋನಿನಲ್ಲಿ ಅವನನ್ನು ಬ್ಲಾಕ್ ಮಾಡಿ ಹೊರಟಳು.

*

ದಿನಗಳು ಉರುಳಿದವು. ಅವಳಿಗೆ ಊಟ ಸೇರಲಿಲ್ಲ. ಚಿಕ್ಕಂದಿನಲ್ಲಿ ಬಾಗಿಲ ಹೊರಗೆ ತಾನು ಹೇಳುತ್ತಿದ್ದ ಮಗ್ಗಿಯ ವಿಷಯವನ್ನು ಅವನಿಗೆ ತಿಳಿಸಿದ ನೆನಪೇ ಇರಲಿಲ್ಲ. ಹೇಳಿರಬೇಕು, ಇಲ್ಲದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು ಎಂದು ಮನಸ್ಸಿಗೆ ತಾನೇ ಹೇಳಿಕೊಂಡಳು. ಅಮ್ಮನ ಮುಖ ನೋಡಲೂ ಭಯ. ತನ್ನ ಗುಟ್ಟನ್ನು ಮಗಳೇ ಬೀದಿಗೆ ಹಾಕಿದಳೆಂದು ತಿಳಿದರೆ ಅಮ್ಮ ಮತ್ತೆ ಆ ಬಚ್ಚಲಿನ ನೆಲಕ್ಕೆ ಕುಸಿದರೆ? ಅಮ್ಮ ಮಾತ್ರ ಏನೂ ತಿಳಿಯದವರ ಹಾಗೆ ಸೆರಗು ಸರಿಮಾಡಿಕೊಂಡು ಪ್ರತಿ ಗುರುವಾರ ಹೊಲಿಗೆ ಕ್ಲಾಸಿಗೆ ಹೋಗಿಬರುತ್ತಿದ್ದರು.

ಕೊನೆಗೆ ಗುಬ್ಬಿ ಗಟ್ಟಿಮನಸ್ಸು ಮಾಡಿದಳು. ಮೇಡಂಗೆ ಎಲ್ಲ ಹೇಳಿಬಿಡುವುದು. ಅವನ ಕೆಲಸ ಹೋದರೆ ಹೋಗಲಿ. ಹಾಗೆಂದುಕೊಂಡು ಹೊರಟವಳು ಕ್ಯಾಂಟೀನಿನ ಮುಂದೆ ಒಮ್ಮೆ ನಿಂತಳು, ಆದರೂ ಮುಂದೆ ನಡೆದಳು.

ಮೇಡಂ ಕೋಣೆಯಲ್ಲಿ ಇರಲಿಲ್ಲ. ಪಕ್ಕದ ಅಭ್ಯಾಸದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಒಂದು ಹೆಂಗಸಿನ ಧ್ವನಿ.

"ಹಾಗಲ್ಲ ಕಣೋ, ಅಳಬೇಡ. ಅಳೋದಕ್ಕೂ ತ್ರಾಣ ಬೇಕು. ಆಗ ಅದೂ ಇರಲ್ಲ. ಇಲ್ನೋಡು, ಮಂಡಿ ಹೀಗೆ..."

ಗುಬ್ಬಿ ಬಾಗಿಲ ಬಳಿಯೇ ನಿಂತಳು. ಅದು... ಹುಟ್ಟಿದಾಗಿನಿಂದ ಕೇಳಿದ ಧ್ವನಿ.

ಬಾಗಿಲು ತಳ್ಳಿದಳು.

ಕೋಣೆಯ ಮಧ್ಯೆ, ನೆಲದ ಮೇಲೆ, ಮಂಡಿ ಮಡಚಿ ಗೋಡೆಗೆ ಒರಗಿ ಕುಳಿತಿದ್ದವರು ಅಮ್ಮ! ಎದುರಿಗೆ ಅದೇ ಭಂಗಿ ಕಲಿಯುತ್ತಾ ಅವನು.



"ಹೊಲಿಗೆ ಕ್ಲಾಸು?" ಎಂದಳು ಗುಬ್ಬಿ. ಬೇರೆ ಏನೂ ಹೊಳೆಯಲಿಲ್ಲ.

ಅಮ್ಮ ಮೆಲ್ಲಗೆ ಎದ್ದು ಸೀರೆ ಕೊಡವಿಕೊಂಡರು. ನನ್ನನ್ನು ಗುಣಪಡಿಸಿದವರು ಈ ಮೇಡಂ ಅವರೇ ಎಂದು, ಅವರೇ ಕೇಳಿಕೊಂಡದ್ದಕ್ಕೆ ಪಾತ್ರ ಕಲಿಸಲು ಬರುತ್ತಿದ್ದೇನೆ ಎಂದು, ಮನೆಯಲ್ಲಿ ಹೇಳಿದರೆ ಬಿಡುವುದಿಲ್ಲವೆಂದು ಹೊಲಿಗೆಯ ನೆಪ ಮಾಡಿದೆ ಎಂದು ಒಂದೊಂದಾಗಿ ಹೇಳಿದರು.

"ನಾನು ಎಲ್ಲಾರಿಂದ ಮುಚ್ಚಿಟ್ಟೆ ಅಮ್ಮಾ... ನಿಂಗೆ ನೋವಾಗಬಾರದು ಅಂತ."

"ಗೊತ್ತು ಮಗಳೇ. ನೀನೂ ನಿಮ್ಮಪ್ಪಾನೂ ಕಾಯಿಲೆ ಮುಚ್ಚಿಡ್ತಾ ಮುಚ್ಚಿಡ್ತಾ ನನ್ನೇ ಮುಚ್ಚಿಟ್ಬಿಟ್ರಿ. ನಾನು ಅದನ್ನ ಗೆದ್ದು ಬಂದೋಳು ಕಣೇ. ಒಬ್ಬರಾದ್ರೂ ಭೇಷ್ ಅನ್ನಲಿಲ್ಲ. ಇಲ್ಲಿ ಹೇಳಿದ್ರೆ ನಾಳೆ ಡಾಕ್ಟರಾಗೋ ಮಕ್ಕಳು ಕಿವಿ ಕೊಟ್ಟು ಕೇಳ್ತಾರೆ."

"ಮಗ್ಗಿ..." ಎಂದಳು ಗುಬ್ಬಿ. "ನಿಂಗೆ ಕೇಳಿಸ್ತಿತ್ತಾ?"

"ಕೇಳಿಸದೆ ಏನು? ಆ ತಪ್ಪು ಮಗ್ಗಿ ಹಿಡ್ಕೊಂಡೇ ನಾನು ದಿನಾ ಎದ್ದು ಬರ್ತಿದ್ದಿದ್ದು."

ಗುಬ್ಬಿ ಓಡಿಹೋಗಿ ಅಮ್ಮನನ್ನು ಅಪ್ಪಿಕೊಂಡಳು. ಇಷ್ಟು ವರ್ಷ ಬಾಗಿಲಾಚೆ ಯಾರೂ ಕೇಳುತ್ತಿರಲಿಲ್ಲ ಎಂದುಕೊಂಡಿದ್ದಳಲ್ಲ...

ಅಮ್ಮನ ಕಣ್ಣು ಈಗ ಅವನ ಮೇಲೆ ಬಿತ್ತು. ಆಮೇಲೆ ಮಗಳ ಮೇಲೆ. ಇಬ್ಬರ ಮುಖವೂ ಅವರಿಗೆ ಏನೋ ಹೇಳಿತು. ಇವಳು ನನ್ನ ಮಗಳೆಂದು ನಿನಗೆ ಗೊತ್ತಿತ್ತೇ ಎಂದು ಅವನನ್ನು ಕೇಳಿದರು.

ಅವನು ತಲೆ ತಗ್ಗಿಸಿದ. "ನಲ್ಲಿ ವಿಷಯ ಇವರ ಬಾಯಲ್ಲಿ ಕೇಳಿದ ದಿನ ಗೊತ್ತಾಯ್ತು. ನೀವು ಹೇಳಿದ್ದನ್ನ ಇವರಿಗೆ ಹೇಳೋ ಹಾಗಿರ್ಲಿಲ್ಲ. ಇವರು ಹೇಳಿದ್ದನ್ನ ನಿಮಗೆ ಹೇಳೋ ಹಾಗಿರ್ಲಿಲ್ಲ."

"ಅಯ್ಯೋ ಮಂಕೆ. ಇಬ್ಬರ ಗುಟ್ಟೂ ಹೊಟ್ಟೇಲಿ ಇಟ್ಕೊಂಡು ಅಜೀರ್ಣ ಆಗ್ಲಿಲ್ವೇನೋ?"

ಅವನ ಕಣ್ಣು ತುಂಬಿದ್ದನ್ನು ಗುಬ್ಬಿ ನೋಡಿದಳು. ಕಾರಿಡಾರಿನಲ್ಲಿ ತಾನಾಡಿದ ಮಾತು ಈಗ ಅವಳಿಗೇ ಚುಚ್ಚಿತು. ಒಂದೇ ಒಂದು ಹೆಸರು ಹೇಳಿದ್ದರೆ ಅವನು ಪಾರಾಗುತ್ತಿದ್ದ. ಹೇಳಲಿಲ್ಲ.

ಅಮ್ಮ ಚೀಲ ಹೆಗಲಿಗೇರಿಸಿ, ಮೇಡಂಗೆ ಒಂದು ಮಾತು ಹೇಳಿ ಬರುತ್ತೇನೆಂದು ಹೊರಗೆ ಹೋದರು. ಬಾಗಿಲನ್ನು ಬೇಕೆಂದೇ ಎಳೆದುಕೊಂಡರು.

"ತಪ್ಪಾಯ್ತು" ಎಂದಳು ಗುಬ್ಬಿ. "ತುಂಬಾ ತಪ್ಪಾಯ್ತು. ಬೇರೆಯವರ ಗುಟ್ಟು ಇಷ್ಟೊಂದು ಹೊತ್ಕೊಂಡು ಹೇಗಿರ್ತೀರಿ ನೀವು?"

"ಅಭ್ಯಾಸ. ಕಷ್ಟ ಆಗ್ತಿರೋದು ನನ್ನದೇ ಒಂದು ಗುಟ್ಟಿಂದ."

"ಅದನ್ನ... ಹೇಳೋ ಹಾಗಿದ್ಯಾ?"

ಅವನು ಬಾಗಿಲ ಕಡೆ ನೋಡಿದ. "ನಿಮ್ಮಮ್ಮಂಗೆ ಆಗ್ಲೇ ಗೊತ್ತಾಗಿರೋ ಹಾಗಿದೆ."

"ಗೊತ್ತಾಗಿದೆ" ಎಂದಿತು ಬಾಗಿಲಾಚೆಯ ಧ್ವನಿ. "ಬೇಗ ಹೇಳಪ್ಪ, ನನ್ನ ಬಸ್ಸು ಹೋಗುತ್ತೆ."

ಅವನು ನಕ್ಕುಬಿಟ್ಟ. ನಗುತ್ತಲೇ ಕಣ್ಣೊರೆಸಿಕೊಂಡ.

"ನೀವಂದ್ರೆ ನಂಗೆ ಇಷ್ಟ. ಇದು ಯಾರೂ ಕಲಿಸಿದ್ದಲ್ಲ."

ಗುಬ್ಬಿ ಅವನ ಹತ್ತಿರ ಬಂದು ನಿಂತಳು.

"ನಂಗೂ. ಮನೆಗೆ ಬನ್ನಿ, ಅಪ್ಪಂಗೆ ಹೇಳೋಣ. ಇನ್ನು ನಮ್ಮನೇಲಿ ಏನನ್ನೂ ಮುಚ್ಚಿಡೋದು ಬೇಡ."