ತುಳಿಯದೆ ಎಳೆದ ಗೆರೆ

ಐದು ದಿನದಲ್ಲಿ ಈ ಹಂಗಾಮಿನ ಮೊದಲ ಪ್ರವಾಸಿ ತಂಡ ಬರುವುದಿತ್ತು. ಅಷ್ಟರೊಳಗೆ ನವೆಂಬರಿನ ಈ ಮೊಣಕಾಲುದ್ದದ ಹಿಮದಲ್ಲೇ ಸ್ಕೀ ಜಾರಲು ಯೋಗ್ಯವಾದ ಇಳಿಜಾರೊಂದನ್ನು ಹುಡುಕಬೇಕಿತ್ತು. ಜಪಾನಿನ ತೊಕಾಚಿ ಬೆಟ್ಟಸಾಲಿನ ಮೂವರು ಮಾರ್ಗದರ್ಶಿಗಳು ಬೆಳಿಗ್ಗೆ ಆರಕ್ಕೇ ಹೊರಟರು. ಮುಂದೆ ಐವತ್ತೆಂಟರ ಕುಮಗಾಯಿ, ನಡುವೆ ಮಿನೆ ಎಂಬ ಗಟ್ಟಿಗಿತ್ತಿ, ಕೊನೆಯಲ್ಲಿ ಟೊಗಾಶಿ. ಜಾಗ ಸೂಚಿಸಿದವನು ಟೊಗಾಶಿಯೇ. ಆದರೂ ಅವನ ಕಾಲೇ ಮುಂದೆ ಬರುತ್ತಿರಲಿಲ್ಲ.

ಜನವರಿಯ ಹಿಮ ಎಲ್ಲವನ್ನೂ ನುಂಗಿಬಿಡುತ್ತದೆ. ನವೆಂಬರಿನದು ಬರೀ ತೆಳು ಹೊದಿಕೆ. ಅಡಿಯಲ್ಲಿ ಕುಳ್ಳ ಬಿದಿರು, ಬಂಡೆ, ತೊರೆ ಎಲ್ಲವೂ ಹಾಗೇ ಕಾದಿರುತ್ತವೆ. ಅದಕ್ಕೇ ಅಲ್ಲಿನವರು ಸೆಪ್ಟೆಂಬರಿನಲ್ಲೇ, ಹಿಮ ಬೀಳುವ ಮೊದಲು, ಇಳಿಜಾರುಗಳನ್ನು ನಡೆದು ನೋಡುತ್ತಾರೆ. ನಡೆದವರು ಮಾರ್ಗದರ್ಶಿಗಳ ಕೋಣೆಯ ಗೋಡೆಯ ನಕ್ಷೆಯಲ್ಲಿ ಕೆಂಪು ಗೆರೆ ಎಳೆಯುತ್ತಾರೆ. ಗೆರೆ ಎಂದರೆ ಮಾತು ಕೊಟ್ಟಂತೆ. ಅದನ್ನು ಯಾರೂ ಮತ್ತೆ ಪರೀಕ್ಷಿಸುವುದಿಲ್ಲ.

ಟೊಗಾಶಿ ಈ ಇಳಿಜಾರನ್ನು ತುಳಿದೇ ಇರಲಿಲ್ಲ. ದಾರಿಯ ಕೆಸರಿನಲ್ಲಿ ಕರಡಿಯ ಹಸಿ ಹೆಜ್ಜೆ ಕಂಡು ಓಡಿ ಬಂದಿದ್ದ. ಎದುರಿನ ದಿಣ್ಣೆಯಿಂದ ದುರ್ಬೀನಿನಲ್ಲಿ ನೋಡಿ ಗೆರೆ ಎಳೆದಿದ್ದ. ಹೆದರಿದೆ ಎನ್ನಲು ನಾಚಿಕೆ. ಆ ಗೇಣುದ್ದದ ನಾಚಿಕೆಯನ್ನು ಮುಚ್ಚಲು ಹೋಗಿ ಮಾರುದ್ದದ ಸುಳ್ಳನ್ನು ಹೊತ್ತುಕೊಂಡಿದ್ದ.

ಎಂಟರ ಹೊತ್ತಿಗೆ ಇಳಿಜಾರಿನ ನೆತ್ತಿ ಸಿಕ್ಕಿತು. ದೂರದಲ್ಲಿ ಜ್ವಾಲಾಮುಖಿಯ ಬಾಯಿಂದ ಬಿಳಿ ಹೊಗೆ ನೇರವಾಗಿ ಏಳುತ್ತಿತ್ತು, ಗಾಳಿಯೇ ಇರಲಿಲ್ಲ. ಕಾಲಡಿಯಲ್ಲಿ ಆ ಇಳಿಜಾರು ಮಡಿ ಬಟ್ಟೆ ಹಾಸಿದಂತೆ ನುಣ್ಣಗೆ ಬಿದ್ದಿತ್ತು. ಅದರ ಬುಡದಲ್ಲಿ ಬರ್ಚ್ ಮರಗಳ ಕಾಡು, ಕಾಡಿನಾಚೆ ರಸ್ತೆ.

"ಚೆನ್ನಾಗಿದೆಯಲ್ಲೋ," ಎಂದ ಕುಮಗಾಯಿ. "ಅಡೀಲಿ ಏನಿದೆ?"

"ಹುಲ್ಲು."

"ತೊರೆ ಗಿರೆ?"

ಹೇಳಬೇಕಾದ ಗಳಿಗೆ ಅದೇ. ಟೊಗಾಶಿಗೆ ಅದು ಗೊತ್ತಿತ್ತು. ಮಿನೆ ಅವನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ, ಕುಮಗಾಯಿ ಸಾನ್."

"ನೀನು ತುಳಿದಿದ್ದೀಯಲ್ಲ, ಸಾಕು ಬಿಡು. ಮುದುಕ ಮೊದ್ಲು ಇಳೀತಾನೆ, ಬಿದ್ರೆ ನಕ್ಕೊಳ್ಳಿ."

ಅವನು ಜಾರಿದ. ಒಂದು ತಿರುವು, ಎರಡು, ಮೂರು. ಪುಡಿ ಹಿಮ ಹೊಗೆಯಾಗಿ ಎದ್ದಿತು.

ನಾಲ್ಕನೆಯ ತಿರುವಿನಲ್ಲಿ ಕುಮಗಾಯಿ ಕಾಣಿಸಲಿಲ್ಲ.

ಅವನ ಜಾಡು ಹಿಡಿದು ಇಬ್ಬರೂ ಇಳಿದರು. ಹಿಮದಲ್ಲಿ ಕಪ್ಪು ಬಾಯಿ ತೆರೆದಿತ್ತು. ಒಳಗೆ ನೀರಿನ ಸದ್ದು.

"ಹಗ್ಗ ಹಿಡಿ," ಎಂದು ಟೊಗಾಶಿ ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡ. ಮಿನೆ ಹಿಮಗುದ್ದಲಿ ನೆಟ್ಟು, ಕಾಲೂರಿ ಕೂತಳು. ಅವನು ಹೊಟ್ಟೆಯ ಮೇಲೆ ತೆವಳಿ ತೊರೆಗೆ ಇಳಿದ.

ಕುಮಗಾಯಿ ಸೊಂಟದವರೆಗೆ ನೀರಿನಲ್ಲಿದ್ದ. ಎಡಗಾಲಿನ ಸ್ಕೀ ಎರಡು ಬಂಡೆಗಳ ನಡುವೆ ಸಿಕ್ಕಿತ್ತು. ಟೊಗಾಶಿ ಉಸಿರು ಹಿಡಿದು ಮುಳುಗಿದ, ತಡಕಿದ, ಬೂಟನ್ನು ಸ್ಕೀಗೆ ಬಿಗಿದ ಹಿಡಿ ಬಿಡಿಸಲು ಹೋಗಿ ಸೋತ. ಎರಡನೇ ಸಲವೂ ಸೋತ. ಬೆರಳಿಗೆ ಜೀವವೇ ಇರಲಿಲ್ಲ. ಮೂರನೇ ಸಲ ಮೊಣಕೈಯಿಂದ ಗುದ್ದಿದಾಗ ಹಿಡಿ ಬಿಟ್ಟಿತು.

"ಹುಲ್ಲು ಅಂದಿದ್ಯಲ್ಲೋ," ಎಂದ ಕುಮಗಾಯಿ, ಹಲ್ಲು ಕಟಕಟಿಸುತ್ತಾ. ಬೈದಿದ್ದರೆ ಟೊಗಾಶಿಗೆ ಎಷ್ಟೋ ಹಗುರಾಗುತ್ತಿತ್ತು.

ಮೇಲೆತ್ತಿ, ಒದ್ದೆ ಬಟ್ಟೆ ಕಳಚಿ, ಚೀಲದಲ್ಲಿದ್ದ ಒಣ ಬಟ್ಟೆ ತೊಡಿಸಿದರು. ಟೊಗಾಶಿಯೂ ಬಟ್ಟೆ ಬದಲಿಸಿದ. ಮೊಣಕಾಲು ತಿರುಚಿ ಊದಿಕೊಂಡಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಸ್ಕೀಗಳಿಗೆ ಟಾರ್ಪಾಲಿನ್ ಬಿಗಿದು ಜಾರುಬಂಡಿ ಮಾಡಿ, ಕುಮಗಾಯಿಯನ್ನು ಮಲಗಿಸಿ, ಬರ್ಚ್ ಕಾಡಿನ ನಡುವೆ ಎಳೆದರು. ಮಿನೆ ಮುಂದೆ ಕೋಲಿನಿಂದ ಚುಚ್ಚಿ ಚುಚ್ಚಿ ನೋಡುತ್ತಾ ದಾರಿ ಮಾಡಿದಳು. ಟೊಗಾಶಿ ಎಳೆದ. ಮೂರು ಗಂಟೆ. ಭುಜದ ಚರ್ಮ ಕಿತ್ತುಬಂತು, ಅವನು ಹಗ್ಗವನ್ನು ಯಾರಿಗೂ ಕೊಡಲಿಲ್ಲ.

ರಸ್ತೆ ಕಂಡಾಗ ಮಿನೆ ಹಿಂತಿರುಗಿ ನೋಡಿದಳು. "ಒಂದು ಕಲ್ಲೂ ತಗುಲ್ಲಿಲ್ಲ. ಮೊದಲ ತಂಡಕ್ಕೆ ಈ ಕಾಡಿನ ಇಳಿಜಾರೇ ಸರಿ."

ಹುಡುಕಿ ಬಂದದ್ದು ಸಿಕ್ಕಿತ್ತು. ಖುಷಿಪಡಲು ಟೊಗಾಶಿಗೆ ಮುಖವಿರಲಿಲ್ಲ.

ಆಸ್ಪತ್ರೆಗೆ ಕುಮಗಾಯಿಯ ಹೆಂಡತಿ ಫುಮಿ ಓಡಿ ಬಂದಳು. ನೇರ ಟೊಗಾಶಿಯ ಮುಂದೆ ನಿಂತು ಸೊಂಟ ಬಾಗಿಸಿ ನಮಸ್ಕರಿಸಿದಳು. "ನೀರಿಗಿಳಿದು ಎತ್ತಿದ್ರಂತೆ. ನಿಮ್ಮ ಋಣ ಹೇಗೆ ತೀರಿಸ್ಲಿ?"

"ನನ್ನದೇ ತಪ್ಪು ಕಣೇ," ಎಂದ ಕುಮಗಾಯಿ ಹಾಸಿಗೆಯಿಂದ. "ನೋಡ್ಕೊಂಡು ಇಳೀಲಿಲ್ಲ."

ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ಅವಳು ಇನ್ನೂ ತಲೆ ಎತ್ತಿರಲಿಲ್ಲ. ಆ ಬಾಗಿದ ಬೆನ್ನನ್ನು ನೋಡಲಾಗದೆ ಟೊಗಾಶಿ ನೆಲಕ್ಕೆ ಮಂಡಿಯೂರಿ ಹಣೆ ಮುಟ್ಟಿಸಿದ.

"ನಾನು ಆ ಜಾಗ ತುಳಿದೇ ಇರ್ಲಿಲ್ಲ. ಕರಡಿಗೆ ಹೆದರಿ ವಾಪಸ್ ಬಂದಿದ್ದೆ. ಸುಳ್ಳು ಗೆರೆ ಎಳೆದೆ."

ಫುಮಿ ನಿಧಾನವಾಗಿ ನೆಟ್ಟಗಾದಳು.

"ಅಂಥ ಗೆರೆ ಇನ್ನೆಷ್ಟಿವೆ?" ಎಂದು ಕೇಳಿದಳು.

"ಇನ್ನೊಂದು," ಎಂದ ನೆಲದಿಂದಲೇ. "ಉತ್ತರದ ಕಣಿವೆಯದು."

ಬಾಗಿಲ ಬಳಿಯಿದ್ದ ಮಿನೆ ಗೋಡೆಗೆ ಒರಗಿದಳು.

"ನಾಳೆ ಬೆಳಿಗ್ಗೆ ಅಲ್ಲಿಗೆ ಹೊರಟಿದ್ದೆ ನಾನು," ಎಂದಳು. "ಒಬ್ಬಳೇ."

ಟೊಗಾಶಿಗೆ ತಲೆ ಎತ್ತಲಾಗಲಿಲ್ಲ. ಆದರೆ ನಾಳೆ ಅವಳು ಅಲ್ಲಿಗೆ ಹೋಗುವುದಿಲ್ಲ. ಆ ದಿನ ಅವನು ಗೆದ್ದದ್ದು ಅಷ್ಟೇ.